ರಿಚ್ಮಂಡ್‌ನ ಮೇಡಂ ಗೆದ್ದ ಮಂಗಳವಾರ

2019ರ ನವೆಂಬರ್ 5. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ವಿಧಾನಮಂಡಲದ ಚುನಾವಣೆ ಬೆಸ ಸಂಖ್ಯೆಯ ವರ್ಷದಲ್ಲಿ ಬರುತ್ತದೆ. ಅಧ್ಯಕ್ಷರ ಹೆಸರು ಮತಪತ್ರದಲ್ಲಿ ಇರುವುದಿಲ್ಲ, ಹಾಗಾಗಿ ಬಹಳ ಮಂದಿಗೆ ಮತದಾನ ಇದೆಯೆಂಬುದೇ ಮರೆತುಹೋಗಿರುತ್ತದೆ. ರಾಜ್ಯದ ಮೇಲ್ಮನೆಯಾದ ಸೆನೆಟ್‌ನ 10ನೇ ಕ್ಷೇತ್ರದಲ್ಲಿ ಗಜಾಲಾ ಹಾಶ್ಮಿ ಅವರ ಪರ ಬಾಗಿಲು ಬಡಿದವರಿಗೆ ಅಂದು ನೆನಪಿಸುವುದೇ ಕೆಲಸ.

ಹೈದರಾಬಾದಿನಲ್ಲಿ ಹುಟ್ಟಿ, ನಾಲ್ಕನೇ ವಯಸ್ಸಿಗೆ ಅಮೆರಿಕದ ಜಾರ್ಜಿಯಾ ರಾಜ್ಯಕ್ಕೆ ಬಂದವರು ಅವರು. ಅಮೆರಿಕನ್ ಸಾಹಿತ್ಯದಲ್ಲಿ ಪಿಎಚ್‌.ಡಿ., ಸುಮಾರು ಮೂರು ದಶಕ ವರ್ಜೀನಿಯಾದ ರಾಜಧಾನಿ ರಿಚ್ಮಂಡ್‌ನ ಕಾಲೇಜುಗಳಲ್ಲಿ ಪಾಠ. ಅದಕ್ಕೂ ಮೊದಲು ಯಾವ ಚುನಾವಣೆಗೂ ನಿಂತಿರಲಿಲ್ಲ.

ಬಾಗಿಲು ಬಡಿಯುವುದಕ್ಕೂ ಕ್ರಮವಿದೆ. ಎಲ್ಲ ಮನೆಗೂ ಹೋಗುವುದಿಲ್ಲ. ನಮ್ಮ ಕಡೆಗೆ ಒಲವಿದ್ದರೂ ಮತ ಹಾಕಲು ಸೋಮಾರಿತನ ಮಾಡುವವರ ಪಟ್ಟಿ ಫೋನಿನ ಆ್ಯಪ್‌ನಲ್ಲಿ ಬರುತ್ತದೆ. ಕೇಳುವುದು ಮೂರೇ: ಎಷ್ಟು ಹೊತ್ತಿಗೆ ಹೋಗುತ್ತೀರಿ, ಮತಗಟ್ಟೆ ಎಲ್ಲಿದೆ ಗೊತ್ತೇ, ಫೋಟೊ ಇರುವ ಗುರುತಿನ ಚೀಟಿ ಇದೆಯೇ (ಆಗ ಅದು ಕಡ್ಡಾಯವಾಗಿತ್ತು). ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪ್ರಚಾರದ ಚೀಟಿಯನ್ನು ಬಾಗಿಲ ಹಿಡಿಗೆ ಸಿಕ್ಕಿಸಬೇಕು. ಅಂಚೆ ಡಬ್ಬಿಗೆ ಹಾಕುವಂತಿಲ್ಲ, ಅಂಚೆಚೀಟಿ ಇಲ್ಲದ್ದನ್ನು ಅದರೊಳಗೆ ಹಾಕುವುದು ಕೇಂದ್ರ ಕಾನೂನಿಗೆ ವಿರುದ್ಧ.

ನಿಜವಾದ ತೊಡಕು ಹೊತ್ತಿನದು. ಎರಡು ದಿನ ಹಿಂದಷ್ಟೇ ಗಡಿಯಾರ ಒಂದು ಗಂಟೆ ಹಿಂದೆ ಸರಿದಿತ್ತು, ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ದುಡಿಯುವವರು ಮನೆ ಸೇರುವುದು ಐದರ ಮೇಲೆ, ಮತಗಟ್ಟೆ ಮುಚ್ಚುವುದು ಏಳಕ್ಕೆ. ಅತಿ ಬೆಲೆಯುಳ್ಳ ಎರಡು ಗಂಟೆ ಪೂರ್ತಿ ಕತ್ತಲು. ಜೊತೆಗೊಬ್ಬರನ್ನು ಕರೆದುಕೊಂಡೇ ಹೋಗಬೇಕು, ಬೆಲ್ ಒತ್ತಿ ನಾಲ್ಕು ಹೆಜ್ಜೆ ಹಿಂದೆ ಸರಿದು ದೀಪದ ಬೆಳಕಿನಲ್ಲಿ ಮುಖ ಕಾಣುವಂತೆ ನಿಲ್ಲಬೇಕು. ಏಳಕ್ಕೆ ಸಾಲಿನಲ್ಲಿ ನಿಂತಿದ್ದರೆ ಸಾಕು, ಮತ ಹಾಕಬಹುದು. ಇದನ್ನು ಹೇಳಲು ಮಾತ್ರ ಮರೆಯಬಾರದು, ಆರೂಮುಕ್ಕಾಲಿಗೆ "ಇನ್ನೇನು ಮುಗೀತಲ್ಲ" ಅನ್ನುವವರೇ ಹೆಚ್ಚು.

ಭಾರತದಿಂದ ಬಂದ ನಮ್ಮವರ ಮನೆಗಳಲ್ಲಿ ಬೇರೆಯದೇ ಸಮಸ್ಯೆ. "ಅಕ್ಕಾ, ವೋಟು ಹಾಕಿ ಬಂದ್ರಾ?" ಎಂದರೆ, "ಸಿಟಿಜನ್‌ಶಿಪ್ ಬಂತಲ್ಲಪ್ಪ, ಇನ್ನೂ ಹೆಸರು ಸೇರಿಸಿಲ್ಲ" ಎಂಬ ಉತ್ತರ. ಪೌರತ್ವ ಬಂದ ಮಾತ್ರಕ್ಕೆ ಪಟ್ಟಿಯಲ್ಲಿ ಹೆಸರು ಬಂತೆಂದಲ್ಲ, ನೋಂದಣಿ ಸುಮಾರು ಮೂರು ವಾರ ಮೊದಲೇ ಮುಗಿದಿತ್ತು. ಗ್ರೀನ್ ಕಾರ್ಡ್‌ (ಕಾಯಂ ವಾಸದ ಪರವಾನಗಿ) ಮಾತ್ರ ಇರುವವರಿಗೆ ಮತವಿಲ್ಲ, ಆದರೆ ಸಂಬಳವಿಲ್ಲದೆ ಪ್ರಚಾರಕ್ಕೆ ದುಡಿಯಲು ಅಡ್ಡಿಯಿಲ್ಲ. ಇದು ಗೊತ್ತಿಲ್ಲದೆ ಹಿಂಜರಿಯುವವರು ಇಂದಿಗೂ ಇದ್ದಾರೆ.

ರಾತ್ರಿ ಫಲಿತಾಂಶ ಬಂತು. ಹಾಲಿ ಸೆನೆಟರ್ ಗ್ಲೆನ್ ಸ್ಟರ್ಟೆವಂಟ್ ಸೋತಿದ್ದರು. 40 ಸ್ಥಾನಗಳ ಸೆನೆಟ್ 21–19 ಅಂತರದಲ್ಲಿ ಹಾಶ್ಮಿ ಅವರ ಡೆಮಾಕ್ರಟಿಕ್ ಪಕ್ಷದ ಕೈಗೆ ಬಂತು. ಒಂದೊಂದು ಬಾಗಿಲಿಗೆ ಎಷ್ಟು ತೂಕ ಎಂದು ಆಗ ಅರ್ಥವಾಯಿತು.

ಈ ಹುದ್ದೆಗೆ ವರ್ಷದ ಸಂಬಳ 18,000 ಡಾಲರ್. ಅಧಿವೇಶನ ಜನವರಿಯಲ್ಲಿ ಶುರುವಾಗುತ್ತದೆ, ಸಮಸಂಖ್ಯೆಯ ವರ್ಷದಲ್ಲಿ 60 ದಿನ. ಅಂದರೆ ಕಾಲೇಜಿನ ಸೆಮಿಸ್ಟರ್ ನಡೆಯುವಾಗಲೇ. ಪಾಠ ಹೇಳುವವರಿಗೆ ಇದು ದುಬಾರಿ ಸೇವೆ. ಆದರೂ ಅಂಥವರು ರಾಜಕೀಯಕ್ಕೆ ಬರಲೇಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಶಾಲೆಗೆ ರಾಜ್ಯ ಎಷ್ಟು ಹಣ ಕೊಡಬೇಕೆಂದು ತೀರ್ಮಾನವಾಗುವುದು ಅಲ್ಲೇ.

2024ರಲ್ಲಿ ಹಾಶ್ಮಿ ಶಿಕ್ಷಣ ಮತ್ತು ಆರೋಗ್ಯ ಸಮಿತಿಯ ಅಧ್ಯಕ್ಷೆಯಾದರು. ಸೆನೆಟ್ ಉಮೇದುವಾರಿಕೆಗೆ 250 ಮತದಾರರ ಸಹಿ ಸಾಕಿತ್ತು. ಲೆಫ್ಟಿನೆಂಟ್ ಗವರ್ನರ್ (ರಾಜ್ಯದ ಉಪ ಗವರ್ನರ್) ಹುದ್ದೆಗೆ 10,000 ಬೇಕು, ಅದರಲ್ಲೂ ರಾಜ್ಯದ 11 ಕಾಂಗ್ರೆಸ್ (ಅಮೆರಿಕದ ಸಂಸತ್ತಿನ) ಕ್ಷೇತ್ರಗಳ ಪ್ರತಿಯೊಂದರಿಂದ ಕನಿಷ್ಠ 400. 2025ರ ನವೆಂಬರ್‌ನಲ್ಲಿ ಅದನ್ನೂ ಗೆದ್ದರು. ಆ ಹುದ್ದೆಯಲ್ಲಿರುವವರು ಸೆನೆಟ್‌ನ ಅಧ್ಯಕ್ಷತೆ ವಹಿಸುತ್ತಾರೆ, ಮತ ಸಮವಾದಾಗ ಮಾತ್ರ ಮತ ಹಾಕುತ್ತಾರೆ. ಶಾಲೆಗಳ ಮಟ್ಟಿಗೆ, ಸಮಿತಿಯ ಕುರ್ಚಿಯೇ ಇದಕ್ಕಿಂತ ಬಲವಾದದ್ದು ಎಂದು ನನಗನ್ನಿಸುತ್ತದೆ.