ರೂವಾರಿ ಸಹಿಗಳ ದಾಖಲೆ, ಟಿಪ್ಪಣಿ 4: ಸೋಮನಾಥಪುರದ ‘ಮಲ್ಲಿತಂಮ’

ಈ ಹಂತದಲ್ಲಿ ಕೈಗೆತ್ತಿಕೊಂಡದ್ದು ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆ. ಮೂರ್ತಿಯ ಪೀಠದಲ್ಲೇ ಹೆಸರು ಕೊರೆದಿಟ್ಟ ಹೊಯ್ಸಳ ರೂವಾರಿಗಳಿಗೆ, ಅಂದರೆ ಶಿಲ್ಪಿಗಳಿಗೆ, ಎಷ್ಟು ಋಣಿಯಾಗಿದ್ದರೂ ಸಾಲದು. ಇಲ್ಲಿ ಮಲ್ಲಿತಮ್ಮ, ಮಸಣಿತಮ್ಮ, ಬಾಲೆಯ, ಚೌಡೆಯ, ನಂಜಯ ಮುಂತಾದವರು ಸಿಗುತ್ತಾರೆ; ಮಲ್ಲಿತಮ್ಮನ ಪಾಲಿಗೇ ಸುಮಾರು 40 ಮೂರ್ತಿಗಳನ್ನು ಹೇಳುವುದುಂಟು. ಆದರೆ ಹೆಸರು ಓದಿದ ಕೂಡಲೇ ‘ಇದು ಅವನ ಕೆತ್ತನೆ’ ಎಂದು ಬರೆದುಬಿಡುವುದನ್ನು ಈ ಸಲ ಪೂರ್ತಿ ಕೈಬಿಟ್ಟಿದ್ದೇವೆ.

ಕಾರಣ ಸರಳ ಲೆಕ್ಕ. ತರೀಕೆರೆ ಬಳಿಯ ಅಮೃತಾಪುರದ ಗುಡಿ 1196ರದು, ನುಗ್ಗೇಹಳ್ಳಿಯದು 1246ರದು, ಸೋಮನಾಥಪುರದ್ದು 1268ರದು. ಮೂರರಲ್ಲೂ ಮಲ್ಲಿತಮ್ಮನಿದ್ದಾನೆ. ಮೊದಲನೆಯದಕ್ಕೂ ಕೊನೆಯದಕ್ಕೂ 72 ವರ್ಷ ಅಂತರ. ಅಮೃತಾಪುರದಲ್ಲಿ ಅವನಿಗೆ 20 ತುಂಬಿತ್ತು ಎಂದರೆ ಸೋಮನಾಥಪುರದಲ್ಲಿ 92! ದೀರ್ಘಾಯುಷಿ ಇದ್ದಿರಬಹುದು, ಅಜ್ಜನ ಹೆಸರು ಹೊತ್ತ ಮೊಮ್ಮಗ ಇದ್ದಿರಬಹುದು, ಗುರುವಿನ ಹೆಸರಲ್ಲಿ ಇಡೀ ತಂಡ ಸಹಿ ಹಾಕಿರಬಹುದು. ಬೇಲೂರಿನಲ್ಲಿ ಈ ತೊಡಕು ಕಡಿಮೆ. ಅಲ್ಲಿ ಚಾವಣ ತಾನು ಬಳ್ಳಿಗಾವೆಯ ದಾಸೋಜನ ಮಗನೆಂದು ಹೇಳಿಕೊಳ್ಳುತ್ತಾನೆ, ಊರು ತಂದೆ ಎರಡೂ ಸಿಕ್ಕಿದವು. (ಜಕಣಾಚಾರಿಯ ಹೆಸರು ಬೇಲೂರಿನ ಸಹಿಗಳಲ್ಲಿ ಇಲ್ಲ. ಕಪ್ಪೆ ಚೆನ್ನಿಗರಾಯನ ಕಥೆ ಎಷ್ಟೇ ಪ್ರಿಯವಾದರೂ ನಮ್ಮ ಪಟ್ಟಿಗೆ ಅದು ಸೇರುವುದಿಲ್ಲ.)

ಬೆಳಕಿನ ಕೆಲಸ. ಬಳಪದ ಕಲ್ಲಿನ ಮೇಲೆ ಸವೆದ ಅಕ್ಷರ ನೇರ ಬೆಳಕಿನಲ್ಲಿ ಕಾಣುವುದೇ ಇಲ್ಲ. ಬೆಳಕು ಕಲ್ಲನ್ನು ಸವರಿಕೊಂಡು ಹೋಗಬೇಕು. ಸೋಮನಾಥಪುರ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲ ಸೂರ್ಯನೂ ಉತ್ತರಕ್ಕೇ ಇರುತ್ತಾನೆ. ಉತ್ತರದ ಮುಖಗಳಿಗೆ ಅದೇ ಸುಗ್ಗಿ. ಆದರೆ ಸರಿಯಾಗಿ ಮಧ್ಯಾಹ್ನ ಹೋದರೆ ಕೆಲಸ ಕೆಟ್ಟಿತು: ಸೂರ್ಯ ನೆತ್ತಿಯ ಹತ್ತಿರವಿದ್ದು ಕಪೋತದ (ಗೋಡೆಯ ಮೇಲೆ ಮುಂಚಾಚಿದ ಸೂರಿನ) ನೆರಳು ಮೂರ್ತಿಯ ಮೇಲೆ ಬೀಳುತ್ತದೆ. ತೀರಾ ಬೆಳಿಗ್ಗೆ ಹೋದರೆ ಸುತ್ತಲಿನ ಕೈಸಾಲೆ ಬಿಸಿಲನ್ನು ತಡೆಯುತ್ತದೆ. ನಡುಬೆಳಗು, ನಡುಮಧ್ಯಾಹ್ನಗಳಲ್ಲಿ ಎರಡು ಸುತ್ತು ತೆಗೆದರೆ ಎಡದಿಂದೊಮ್ಮೆ ಬಲದಿಂದೊಮ್ಮೆ ಬೆಳಕು ಸಿಗುತ್ತದೆ. ನಕ್ಷತ್ರಾಕಾರದ ತಳವಿನ್ಯಾಸವಾದ್ದರಿಂದ ಪ್ರತಿ ಮುಖಕ್ಕೂ ಅದರದೇ ಹೊತ್ತು; ಮುಖವಾರು ವೇಳಾಪಟ್ಟಿ ಇಲ್ಲದೆ ಹೊರಡಬೇಡಿ.

ಬಿಸಿಲಿಗೆ ಸಿಗದ ಪೀಠಗಳಿಗೆ ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್) ವಿಧಾನ: ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಕಲ್ಲಿನ ಏರುತಗ್ಗು ಕಾಣಿಸುವುದು. ಕ್ಯಾಮೆರಾ ಅಲುಗದಂತೆ ನಿಲ್ಲಿಸಿ, ಚೌಕಟ್ಟಿನೊಳಗೆ ಹೊಳೆಯುವ ಎರಡು ಕಪ್ಪು ಗೋಲಿ ಇಟ್ಟು, ದೀಪವನ್ನು 15ರಿಂದ 65 ಡಿಗ್ರಿ ಎತ್ತರಗಳಲ್ಲಿ ಸುತ್ತಿಸುತ್ತ 48 ಚಿತ್ರ. ಗೋಲಿ ಚಿತ್ರದಲ್ಲಿ ಕನಿಷ್ಠ 250 ಪಿಕ್ಸೆಲ್ ಅಗಲ ಬರಬೇಕು, ಇಲ್ಲದಿದ್ದರೆ ಬೆಳಕಿನ ದಿಕ್ಕಿನ ಲೆಕ್ಕ ತಪ್ಪುತ್ತದೆ. ದೀಪದ ದೂರ ಬರಹದ ಕರ್ಣದ ಮೂರು ಪಟ್ಟು. ಅದಕ್ಕೊಂದು ದಾರ ಅಳೆದು ಕಟ್ಟಿಕೊಂಡರೆ ಸಾಕು, ಆದರೆ ದಾರ ಕಲ್ಲಿಗೆ ತಾಗಕೂಡದು. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಇರಬೇಕು. ಸೀಮೆಸುಣ್ಣ, ನೀರು, ಎಣ್ಣೆ ಯಾವುದೂ ಬೇಡ. ಅಕ್ಷರ ಒಮ್ಮೆ ಕಂಡೀತು, ಕಲೆ ಉಳಿದೇಬಿಡುತ್ತದೆ.

ಓದಿನ ತೊಡಕು. ಹೊಯ್ಸಳ ಬರಹದಲ್ಲಿ ಒತ್ತಿನ ಬದಲು ಸೊನ್ನೆ ಬರುವುದು ಸಾಮಾನ್ಯ: ‘ಮಲ್ಲಿತಂಮ’. ಸೊನ್ನೆ ಸವೆದು ‘ಮಲ್ಲಿತಮ’ ಆದರೆ ಹೊಸ ಹೆಸರೆಂದು ಬೆಚ್ಚಬೇಕಿಲ್ಲ. ಮ ಮತ್ತು ವ ಒಂದೇ ಮೈಕಟ್ಟಿನ ಅಕ್ಷರಗಳು, ಕೊಂಡಿ ಹೋದರೆ ಒಂದು ಇನ್ನೊಂದಾಗುತ್ತದೆ. ನಿಜವಾದ ಕಗ್ಗಂಟು ಒಂಟಿ ‘ಮ’. ಅದನ್ನು ಮಲ್ಲಿತಮ್ಮನ ಸಂಕ್ಷೇಪ ಎಂದು ಎಣಿಸುವುದು ರೂಢಿ. ಮಸಣಿತಮ್ಮನೂ ‘ಮ’ದಿಂದಲೇ ಶುರುವಾಗುತ್ತಾನಲ್ಲ! ಹಾಗಾಗಿ ಒಂಟಿ ‘ಮ’ಗಳನ್ನೆಲ್ಲ ಬೇರೆ ಹಾಳೆಗೆ ಎತ್ತಿಟ್ಟಿದ್ದೇವೆ. ನಲವತ್ತು ಎಂಬ ಎಣಿಕೆ ಇದರಿಂದ ತಗ್ಗುತ್ತದೆ; ತಗ್ಗಲಿ.

ಇತ್ತೀಚಿನ ಗೀರುಗಳನ್ನು ಪತ್ತೆ ಹಚ್ಚುವುದು ಅಷ್ಟು ಕಷ್ಟವಲ್ಲ. ಹಳೆಯ ಉಳಿ ಗುರುತಿನ ತಳದಲ್ಲಿ ಸುತ್ತಲಿನ ಕಲ್ಲಿನದೇ ಕಪ್ಪು ಕೂತಿರುತ್ತದೆ, ಅಂಚು ದುಂಡಾಗಿರುತ್ತದೆ. ಹೊಸ ಗೀರು ಬೂದುಬಿಳಿ, ಅಂಚು ಚೂಪು.

ಈಗ ಪ್ರತಿ ಮೂರ್ತಿಗೂ ನಾಲ್ಕು ಅಂಕಣ: ಕಲ್ಲಿನಲ್ಲಿ ಕಾಣುವ ಅಕ್ಷರಗಳು, ನಮ್ಮ ಓದು, ಪೀಠ ಮತ್ತು ಮೂರ್ತಿ ಒಂದೇ ಕಲ್ಲೋ ನಡುವೆ ಸಂದು ಇದೆಯೋ, ಕೊನೆಗೆ ಕರ್ತೃವಿನ ಊಹೆ. ಸಂದು ಇದ್ದರೆ ಊಹೆಯ ಅಂಕಣ ಖಾಲಿ. ದುರಸ್ತಿಯ ವೇಳೆ ಕಲ್ಲು ಜಾಗ ಬದಲಿಸಿರಬಹುದು.

ಮುಂದಿನ ಹಂತ ಕೆತ್ತನೆಯ ಶೈಲಿಯ ಹೋಲಿಕೆ. ಪೂರ್ತಿ ಹೆಸರಿರುವ ಮೂರ್ತಿಗಳನ್ನಷ್ಟೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇವೆ. ಮುಖ ನೋಡುವುದಿಲ್ಲ, ಮುಖಭಾವಕ್ಕೆ ಶಾಸ್ತ್ರದ ಕಟ್ಟುಪಾಡಿದೆ, ಒಡೆದದ್ದೂ ಅದೇ ಹೆಚ್ಚು. ಯಾರೂ ನೋಡಲಾರರೆಂದು ಕೈ ತನ್ನ ರೂಢಿಯಂತೆ ಓಡಿದ ಜಾಗಗಳು ಬೇಕು: ಕಿವಿಯ ಒಳಸುಳಿ, ಕಾಲುಗುರಿನ ಅಂಚು, ನಡುಪಟ್ಟಿಯ ಗಂಟು, ತಲೆಯ ಮೇಲಿನ ಎಲೆಬಳ್ಳಿಯ ಹಿಂದೆ ಉಳಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು. ಮೊದಲು ನುಗ್ಗೇಹಳ್ಳಿಯ ಮಲ್ಲಿತಮ್ಮನ ಮೂರ್ತಿಗಳ ಜೊತೆ, ಆಮೇಲೆ ಅಮೃತಾಪುರದವುಗಳ ಜೊತೆ. 22 ವರ್ಷದ ಅಂತರದಲ್ಲೇ ಕಿವಿ ಹೊಂದದಿದ್ದರೆ 72ರ ಮಾತು ಆಮೇಲೆ.