ಸ್ಪೀಚ್ ಥೆರಪಿಗೆ ದುಡ್ಡು ಕಟ್ಟೋ ಮುಂಚೆ

45 ನಿಮಿಷದ ಒಂದು ಸೆಷನ್ನಿಗೆ 700 ರೂಪಾಯಿ, ಶುರುವಿನಲ್ಲಿ ವಾರಕ್ಕೆ ಎರಡು ಸಲ. ಆಟೋ ಖರ್ಚೂ ಸೇರಿದರೆ ತಿಂಗಳಿಗೆ ಏಳು ಸಾವಿರ ಎಲ್ಲೂ ಹೋಗ್ತಿರಲಿಲ್ಲ. ಮಗನಿಗೆ ಎರಡೂವರೆ ತುಂಬಿದಾಗಿನಿಂದ ನಮ್ಮ ಮನೆ ಲೆಕ್ಕದಲ್ಲಿ ಬಾಡಿಗೆ, ಹಾಲು, ಗ್ಯಾಸಿನ ಜೊತೆ ಇದೂ ಒಂದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನ್ ಹಿಡಿದು ‘ಮಗು ಮಾತಾಡ್ತಿಲ್ಲ’ ಅಂತ ಹುಡುಕ್ತಿರೋ ಅಮ್ಮಂದಿರಿಗೆ ಇದನ್ನ ಬರೀತಿದ್ದೀನಿ.

‘ಇವರಪ್ಪನೂ ಮೂರು ವರ್ಷದ ತನಕ ಬಾಯಿ ಬಿಟ್ಟಿರಲಿಲ್ಲ ಕಣಮ್ಮ’ ಅಂತ ನಮ್ಮತ್ತೆ ಬಜೆ ತೇಯ್ದು ನಾಲಿಗೆಗೆ ಹಚ್ಚಲು ಶುರು ಮಾಡಿದ್ದರು. ಮಕ್ಕಳ ಡಾಕ್ಟರು ಅದನ್ನ ನಿಲ್ಲಿಸಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ ಅಂದರು. ಥೆರಪಿಗಿಂತ ಮುಂಚೆ ಆಗಬೇಕಾದ ಖರ್ಚು ಅದೇ. ಸರಿಯಾಗಿ ಕೇಳಿಸದ ಮಗುಗೆ ಎಷ್ಟು ಸೆಷನ್ ಕೊಡಿಸಿದರೇನು? ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ ಆಯಿಷ್, ಅಲ್ಲಿಗೆ ಹೋದೆವು. ಬೇರಾ ಅನ್ನೋ ಕಿವಿ ಟೆಸ್ಟಿಗೆ ಮಗು ನಿದ್ದೆ ಮಾಡಬೇಕು. ಹಾಗಾಗಿ ಬೆಂಗಳೂರಿಂದ ದಾರಿಯುದ್ದಕ್ಕೂ ಅವನನ್ನ ಮಲಗಿಸದೆ ಕುಣಿಸಿಕೊಂಡು ಹೋಗಿದ್ದಾಯಿತು. ಕಿವಿ ಚೆನ್ನಾಗಿದೆ, ಭಾಷೆ ತಡವಾಗಿದೆ ಅಂದರು. ಅಲ್ಲಿ ಸರ್ಕಾರಿ ದರ, ನಮಗೆ ಹೊರೆಯೇ ಅಲ್ಲ. ಆದರೆ ವಾರಕ್ಕೆ ಎರಡು ಸಲ ಮೈಸೂರಿಗೆ ಓಡಾಡೋದು ಕೆಲಸಕ್ಕೆ ಹೋಗುವವರಿಗೆ ಆಗುವ ಮಾತಲ್ಲ. ಜಿಲ್ಲಾಸ್ಪತ್ರೆ ಹತ್ತಿರ ಇರುವವರು ಅಲ್ಲಿ ಡಿಇಐಸಿ, ಅಂದರೆ ಬೆಳವಣಿಗೆ ತಡವಾದ ಮಕ್ಕಳಿಗೆ ಬೇಗ ಚಿಕಿತ್ಸೆ ಶುರು ಮಾಡೋ ಜಿಲ್ಲಾ ಕೇಂದ್ರ, ಇದೆಯಾ ಅಂತ ಒಮ್ಮೆ ಕೇಳಿ. ಆರ್‌ಬಿಎಸ್‌ಕೆ ಅನ್ನೋ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯಲ್ಲಿ ಅದು ಉಚಿತ.

ನಾವು ಮೊದಲು ನೋಡಿದ ಖಾಸಗಿ ಸೆಂಟರಿನಲ್ಲಿ ಗೋಡೆ ತುಂಬ ಕಾರ್ಟೂನು, ರಿಸೆಪ್ಷನ್ನಿನಲ್ಲಿ ಕಾರ್ಡ್ ಮಷೀನು. 24 ಸೆಷನ್ನಿನ ಪ್ಯಾಕೇಜು, ಪೂರ್ತಿ ಮುಂಗಡ, ಮೂರು ತಿಂಗಳಲ್ಲಿ ಮುಗಿಸಬೇಕು, ವಾಪಸಾತಿ ಇಲ್ಲ. ಮಗುಗೆ ಜ್ವರ ಬಂದರೆ? ‘ಆ ಸೆಷನ್ ಹೋದ ಹಾಗೇ ಮೇಡಂ.’ ಥೆರಪಿ ನಡೆಯುವಾಗ ಅಪ್ಪ ಅಮ್ಮ ಹೊರಗೆ ಕೂರಬೇಕು. ಮೇಲಿಂದ ಒಂದು ಸಲಹೆ: ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಒಂದೇ ಸಾಕು, ಎರಡು ಭಾಷೆಯಿಂದ ಮಗು ಕನ್‌ಫ್ಯೂಸ್ ಆಗುತ್ತೆ. ನನಗೆ ಮೈ ಉರಿದುಹೋಯಿತು. ಎರಡು ಭಾಷೆ ಕಿವಿಗೆ ಬಿದ್ದ ಮಾತ್ರಕ್ಕೆ ಮಾತು ತಡವಾಗಲ್ಲ, ಇದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿರೋ ವಿಷಯ. ಅಜ್ಜಿ ಜೊತೆ ಅವನು ಯಾವ ಭಾಷೇಲಿ ಜಗಳ ಆಡಬೇಕು?

ಈಗಿನ ಥೆರಪಿಸ್ಟ್ ಮೇಡಂ ಒಂದು ಮನೆಯ ಮಹಡಿ ಮೇಲೆ ಚಿಕ್ಕ ರೂಮಿನಲ್ಲಿ ನೋಡ್ತಾರೆ. ಥೆರಪಿಸ್ಟುಗಳು ನೋಂದಾಯಿಸಿಕೊಳ್ಳೋ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಸಂಖ್ಯೆ ಕೇಳಿದೆ, ಬೇಜಾರಿಲ್ಲದೆ ತೋರಿಸಿದರು. ಆಯಾ ದಿನದ ದುಡ್ಡು ಆಯಾ ದಿನ, ರಸೀತಿ ಸಮೇತ. ಮುಖ್ಯವಾಗಿ, ನಾನು ಒಳಗೇ ಕೂರಬೇಕು. ‘ವಾರದಲ್ಲಿ ನನ್ನ ಹತ್ರ ಒಂದೂವರೆ ಗಂಟೆ ಇರ್ತಾನೆ, ಉಳಿದಿದ್ದೆಲ್ಲ ನಿಮ್ಮ ಹತ್ರ’ ಅಂದರು.

ಅವರ ಕೆಲಸ ನೋಡಿದರೆ ಏನೂ ಮಾಡ್ತಿಲ್ಲ ಅನ್ನಿಸಬೇಕು. ಸೋಪಿನ ಗುಳ್ಳೆ ಊದುವ ಬಾಟಲಿಯ ಮುಚ್ಚಳ ಗಟ್ಟಿಯಾಗಿ ತಿರುಗಿಸಿ ಅವನ ಕೈಗೆ ಕೊಟ್ಟರು. ಬರಲಿಲ್ಲ. ಹಲ್ಲು ಹಾಕಿದ, ನೆಲಕ್ಕೆ ಕುಟ್ಟಿದ. ನಾನು ಕೈ ಚಾಚಿದರೆ ನನ್ನ ಮಣಿಕಟ್ಟು ಹಿಡಿದರು. ಅವನು ಬಾಟಲಿಯನ್ನ ಅವರ ಮಡಿಲಿಗೆ ಹಾಕಿ ಮುಖ ನೋಡಿದ. ಅವರೂ ಹುಬ್ಬೆತ್ತಿ ನೋಡಿದರೇ ಹೊರತು ಬಾಯಿ ತೆರೆಯಲಿಲ್ಲ. ‘ತೆ’ ಅಂದ. ತಕ್ಷಣ ‘ತೆಗಿ! ತೆಗೀತೀನಿ!’ ಅಂತ ತೆಗೆದು ಊದಿದರು. ಅವತ್ತಿಂದ ನಮ್ಮ ಮನೇಲಿ ಬಿಸ್ಕತ್ತಿನ ಡಬ್ಬ ಮೇಲಿನ ಶೆಲ್ಫಿಗೆ ಹೋಗಿದೆ. ಕೇಳದೆ ಕೊಡೋ ಅಭ್ಯಾಸ ಬಿಡಿಸೋಕೆ ಅತ್ತೆಗೆ ಥೆರಪಿ ಬೇಕಾಯಿತು, ಅದು ಬೇರೆ ಕಥೆ.

ಇನ್ನು ದುಡ್ಡಿನ ವಿಷಯ. ನಮ್ಮ ಯಜಮಾನರ ಕಂಪನಿ ಇನ್ಶೂರೆನ್ಸಿನಲ್ಲಿ ಒಂದು ಪೈಸೆ ಬರಲಿಲ್ಲ, ಅಡ್ಮಿಟ್ ಆಗಿರಬೇಕಂತೆ. ಅಂಗವೈಕಲ್ಯ ಇರೋ ಅವಲಂಬಿತರ ಖರ್ಚಿಗೆ ಸಿಗೋ ತೆರಿಗೆ ವಿನಾಯಿತಿಗೆ (ಹಳೇ ಕಾಯ್ದೆಯಲ್ಲಿ 80ಡಿಡಿ) ಕನಿಷ್ಠ 40% ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು, ಅದೂ ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. ಬರೀ ಮಾತು ತಡವಾದ ನಮ್ಮಂಥವರಿಗೆ ಅದೂ ಇಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮನೆಯವರು ಮಾತ್ರ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಪಾಲಿಸಿ ವಿಚಾರಿಸದೆ ಬಿಡಬೇಡಿ. ವರ್ಷಕ್ಕೆ ಒಂದು ಲಕ್ಷದವರೆಗಿನ ವಿಮೆ, ಥೆರಪಿಗೂ ಅದರಲ್ಲಿ ಪಾಲಿದೆ.

ಈಗ ಅವನು ವಾಕ್ಯ ಕಟ್ತಾನೆ, ಸೆಷನ್ ಹದಿನೈದು ದಿನಕ್ಕೊಮ್ಮೆಗೆ ಇಳಿದಿದೆ. ‘ರ’ ಮಾತ್ರ ಇನ್ನೂ ‘ಲ’. ಅದಕ್ಕೂ ಶುರು ಮಾಡೋಣವಾ ಅಂತ ಕೇಳಿದೆ. ‘ಅದು ನಿಧಾನಕ್ಕೆ ಬರೋ ಅಕ್ಷರ, ಈಗಲೇ ಅದಕ್ಕೆ ದುಡ್ಡು ಹಾಕಬೇಡಿ’ ಅಂದರು ಮೇಡಂ.