ದುಷ್ಟ ಕಾಡಿನಲ್ಲಿ ಎದ್ದ ಚರ್ಚು

ನೈಜೀರಿಯಾದ ಲೇಖಕ ಚಿನುವಾ ಅಚಿಬೆಯವರ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಅನ್ನು ಮತ್ತೆ ಓದುತ್ತಿರುವಾಗ, ಮಿಷನರಿಗಳು ಅಲ್ಲಿನ ಇಗ್ಬೊ ಜನರ ಸಮಾಜವನ್ನು ಒಡೆದರೆಂಬ ರೂಢಿಯ ಮಾತು ಅರೆಸತ್ಯವೆನಿಸುತ್ತಿದೆ. ಕಾದಂಬರಿಯ ಎಂಬಾಂಟ ಎಂಬ ಊರಿನ ಹಿರಿಯರು ಹೊಸ ಧರ್ಮದವರಿಗೆ ಬೇಕೆಂದೇ ದುಷ್ಟ ಕಾಡಿನಲ್ಲಿ ನೆಲ ಕೊಡುತ್ತಾರೆ. ಕೆಟ್ಟ ರೋಗಗಳಿಂದ ಸತ್ತವರನ್ನು ಹೂಳುವ ಆ ಜಾಗದಲ್ಲಿ ಅವರು ನಾಲ್ಕು ದಿನವೂ ಬದುಕಲಾರರೆಂಬುದು ಊರಿನ ಲೆಕ್ಕಾಚಾರ. ಯಾರೂ ಸಾಯುವುದಿಲ್ಲ. ಆಮೇಲೆ ಚರ್ಚಿಗೆ ಬರುವವರು ಯಾರೆಂದು ನೋಡಬೇಕು: ಅವಳಿಗಳನ್ನು ಎಸೆದುಬಿಡುವ ಊರ ಕಟ್ಟಳೆಯಿಂದಾಗಿ ಹೆತ್ತ ಅವಳಿಗಳನ್ನೆಲ್ಲ ಪ್ರತಿ ಸಲವೂ ಕಳೆದುಕೊಂಡ ಗರ್ಭಿಣಿ ನೆಕಾ, ದೇವರಿಗೆ ಮುಡಿಪಾದವರೆಂಬ ಕಾರಣಕ್ಕೇ ತಲೆಗೂದಲು ಕತ್ತರಿಸಿಕೊಳ್ಳುವ ಹಕ್ಕೂ ಇಲ್ಲದೆ ದೂರವಿರಿಸಲ್ಪಟ್ಟ ಒಸು ಜನ, ಅಣ್ಣನಂತಿದ್ದ ಇಕೆಮೆಫೂನನನ್ನು ತಂದೆ ಒಕೊಂಕ್ವೊ ಕಡಿದದ್ದನ್ನು ಮರೆಯಲಾರದ ನ್ವೋಯೆ.

ಹಾಗೆಂದು ಅಚಿಬೆ ಮಿಷನರಿಗಳ ವಕಾಲತ್ತು ವಹಿಸುವುದಿಲ್ಲ. ಶಾಲೆ, ಆಸ್ಪತ್ರೆಗಳನ್ನು ಕಟ್ಟಿದ, ಊರಿನ ಗಣ್ಯ ಅಕುನ್ನನ ಜೊತೆ ಕೂತು ದೇವರ ಬಗ್ಗೆ ವಾದಿಸುವ ಸೌಮ್ಯ ಮಿಷನರಿ ಬ್ರೌನ್ ಹೋಗಿ ಕಟುವಾದ ಸ್ಮಿತ್ ಬರುತ್ತಾನೆ. ಚರ್ಚಿನ ಬೆನ್ನಿಗೇ ಬ್ರಿಟಿಷರ ನ್ಯಾಯಾಲಯ, ಸೆರೆಮನೆಗಳೂ ಇರುತ್ತವೆ. ಅರಸನಿಲ್ಲದ ಆ ಊರುಗಳಲ್ಲಿ ಪೂರ್ವಿಕರ ಮುಖವಾಡ ಧರಿಸಿದ ಎಗ್ವುಗ್ವುಗಳು ಗಂಡ ಹೆಂಡಿರ ಜಗಳವನ್ನು ಇತ್ಯರ್ಥ ಮಾಡುವ ಅಧ್ಯಾಯವಂತೂ (ನನಗೆ ಇಡೀ ಕೃತಿಯಲ್ಲಿ ಅತ್ಯಂತ ಪ್ರಿಯವಾದದ್ದು) ಅಲ್ಲೊಂದು ನ್ಯಾಯವ್ಯವಸ್ಥೆ ಮೊದಲೇ ಇತ್ತೆಂಬುದಕ್ಕೆ ಸಾಕ್ಷಿ.

ಅಚಿಬೆಯವರ 1964ರ ಕಾದಂಬರಿ ‘ಆ್ಯರೋ ಆಫ್ ಗಾಡ್’ ಇನ್ನೂ ಕಠಿಣವಾಗಿದೆ. ಅಲ್ಲಿ ಹೊಸ ಯಾಮ್ ಗೆಡ್ಡೆಯ ಹಬ್ಬ ಸಾರುವವರೆಗೆ ಯಾರೂ ಬೆಳೆ ಅಗೆಯುವಂತಿಲ್ಲ. ಬ್ರಿಟಿಷರ ಸೆರೆಯಿಂದ ಮರಳಿದ ಅರ್ಚಕ ಎಜೆಯುಲು ಆ ಹಬ್ಬವನ್ನು ಸಾರಲು ಒಪ್ಪದಿದ್ದಾಗ, ಬೆಳೆ ನೆಲದಲ್ಲೇ ಕೊಳೆಯುವ ಭಯದಲ್ಲಿದ್ದ ಜನರಿಗೆ, ಕಾಣಿಕೆ ತಂದೊಪ್ಪಿಸಿ ನಿರ್ಭಯವಾಗಿ ಅಗೆದುಕೊಳ್ಳಿರೆಂದು ಹೇಳುವುದು ಚರ್ಚು.